ಬೆಟ್ಟದ ಕಾಡಿನಲ್ಲಿ ಇಪ್ಪತ್ತು ಮೀಟರ್ ಎಂದರೆ ಎಷ್ಟು?

ಪ್ರಶ್ನೆ: ದಾವಣಗೆರೆಯಲ್ಲಿ ಪರಿಸರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ ನಾನು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ 24 ಪ್ಲಾಟ್ (ಮರಗಿಡ ಎಣಿಸಿ ಅಳೆಯಲು ಗುರುತಿಸುವ ಚೌಕ) ಹಾಕುವ ಯೋಜನೆ ಇದೆ. ಏಪ್ರಿಲ್‌ನಲ್ಲಿ ಆರು ಪ್ಲಾಟ್ (20 ಮೀ × 20 ಮೀ) ಹಾಕಿ ಮರಗಳ ಸುತ್ತಳತೆ ತೆಗೆದೆವು, ನವೆಂಬರ್‌ನಲ್ಲಿ ಅದೇ ಮರಗಳನ್ನು ಮತ್ತೆ ಅಳೆದೆವು. ಕೆಲವು ದಿಂಡಿಗದ ಮರಗಳು ಎರಡು ಸೆಂಟಿಮೀಟರ್ ದಪ್ಪವಾಗಿವೆ, ಕೆಲವು ಸಣ್ಣಗಾಗಿವೆ! ಕಡಿದಾದ ಜಾಗದ ಪ್ಲಾಟ್‌ಗಳಲ್ಲಿ ಹೆಕ್ಟೇರಿಗೆ ಮರಗಳ ಸಂಖ್ಯೆಯೂ ತೀರಾ ಕಡಿಮೆ ಬಂದಿದೆ. ಮಾರ್ಗದರ್ಶಕರು ಅಂಕಿಗಳನ್ನು ಒಪ್ಪುತ್ತಿಲ್ಲ. ಎಲ್ಲಿ ತಪ್ಪಿದೆ? ವರ್ಷದಲ್ಲಿ ಯಾವಾಗ ಹೋಗಿ ಏನು ಅಳೆಯಬೇಕು?

ಉತ್ತರ: ನಿಮ್ಮ ಅಂಕಿಗಳಲ್ಲಿ ಎರಡು ತಪ್ಪುಗಳಿವೆ, ಎರಡಕ್ಕೂ ಸಂಬಂಧವಿಲ್ಲ. ಒಂದು ಇಳಿಜಾರಿನದು, ಇನ್ನೊಂದು ಕಾಲದ್ದು. ಮೊದಲನೆಯದನ್ನು, ಇಳಿಜಾರು ಅಳೆದು ಬಂದರೆ, ಮನೆಯಲ್ಲಿ ಕೂತೇ ಲೆಕ್ಕ ಹಾಕಿ ಸರಿಪಡಿಸಬಹುದು. ಎರಡನೆಯದಕ್ಕೆ ಮುಂದಿನ ಕಾರ್ತೀಕದವರೆಗೆ ಕಾಯಲೇಬೇಕು.

ಮೊದಲು ಇಳಿಜಾರು. ಹೆಕ್ಟೇರ್ ಎಂದರೆ ನಕ್ಷೆಯ ಮೇಲಿನ ಹೆಕ್ಟೇರ್, ನೆಲದ ಮೈಮೇಲೆ ಟೇಪು ಹಾಸಿ ಅಳೆದದ್ದಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ 20 ಮೀಟರ್ ಟೇಪು ಎಳೆದರೆ ನಕ್ಷೆಯ ಲೆಕ್ಕದಲ್ಲಿ ಸಿಗುವುದು 17.32 ಮೀಟರ್ ಮಾತ್ರ. ಅಡ್ಡಕ್ಕೆ 20 ಮೀಟರ್ ಸರಿಯಾಗಿಯೇ ಇರುತ್ತದೆ, ಆದ್ದರಿಂದ ನೀವು 400 ಚದರ ಮೀಟರ್ ಅಂದುಕೊಂಡ ಪ್ಲಾಟ್ ನಿಜಕ್ಕೆ 346 ಚದರ ಮೀಟರ್. ಅದರೊಳಗೆ 19 ಮರ ಸಿಕ್ಕಿದ್ದರೆ ನೀವು ಹೆಕ್ಟೇರಿಗೆ 475 ಎಂದು ಬರೆದಿರುತ್ತೀರಿ, ಬರಬೇಕಾದದ್ದು 548. ಕಡಿದಾದಷ್ಟೂ ಮರ ಕಡಿಮೆ ಎಂಬ 'ಫಲಿತಾಂಶ' ಹುಟ್ಟಿದ್ದು ಇಲ್ಲಿಂದ. ಇದರಲ್ಲಿ ಪರಿಸರ ವಿಜ್ಞಾನ ಏನೂ ಇಲ್ಲ, ತ್ರಿಕೋನಮಿತಿ ಅಷ್ಟೇ.

ಹಾಕಿದ ಆರು ಪ್ಲಾಟ್‌ಗಳನ್ನು ಬಿಸಾಡಬೇಡಿ. ನೆಲದ ಮೇಲೆ ಸರಿಯಾದ ಚೌಕ ಬಂದಿದ್ದರೆ, ಅದು ಇಳಿಜಾರಿಗೆ ಯಾವ ಕೋನದಲ್ಲಿ ತಿರುಗಿದ್ದರೂ, ನಿಜವಾದ ವಿಸ್ತೀರ್ಣ 400ನ್ನು ಇಳಿಜಾರಿನ ಕೊಸೈನ್‌ನಿಂದ ಗುಣಿಸಿದಷ್ಟು. 10 ಡಿಗ್ರಿಗೆ ಕೊಸೈನ್ 0.985, 20ಕ್ಕೆ 0.940, 30ಕ್ಕೆ 0.866. ಹತ್ತು ಡಿಗ್ರಿವರೆಗೆ ವ್ಯತ್ಯಾಸ ನೂರಕ್ಕೆ ಒಂದೂವರೆ, ಅದನ್ನು ಯಾರೂ ಗಮನಿಸುವುದಿಲ್ಲ. ತಪ್ಪು ಅಡಗಿಕೊಳ್ಳುವುದೂ ಅದಕ್ಕೇ: ಕೆಳಗಿನ ಸಮತಟ್ಟು ಪ್ಲಾಟ್‌ಗಳು ಸರಿ ಬಂದಿರುತ್ತವೆ, ಮೇಲೆ ಹೋದಂತೆ ಸದ್ದಿಲ್ಲದೆ ಕೆಡುತ್ತವೆ. ಮತ್ತೆ ಹೋಗಿ ಪ್ರತಿ ಪ್ಲಾಟ್‌ನ ಇಳಿಜಾರು ಅಳೆದು, ವಿಸ್ತೀರ್ಣ ತಿದ್ದಿ, ಪ್ರಬಂಧದಲ್ಲಿ ಹಾಗೆಂದೇ ಬರೆಯಿರಿ.

ಉಳಿದ 18 ಪ್ಲಾಟ್‌ಗಳನ್ನು ಮೊದಲೇ ಸರಿಯಾಗಿ ಹಾಕಿ. ಇಳಿಜಾರಿನ ದಿಕ್ಕಿನಲ್ಲಿ ನೆಲದ ಮೇಲೆ ಎಳೆಯಬೇಕಾದ ಉದ್ದ 20 ಭಾಗಿಸು ಕೊಸೈನ್: 10 ಡಿಗ್ರಿಗೆ 20.31 ಮೀಟರ್, 15ಕ್ಕೆ 20.71, 20ಕ್ಕೆ 21.28, 25ಕ್ಕೆ 22.07, 30ಕ್ಕೆ 23.09, 35ಕ್ಕೆ 24.42. ಈ ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಲಿಪ್‌ಬೋರ್ಡಿನ ಹಿಂಬದಿಗೆ ಅಂಟಿಸಿ. ಇಳಿಜಾರನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಬೆಟ್ಟ ಹತ್ತಿ ಸುಸ್ತಾದವರಿಗೆ 22 ಡಿಗ್ರಿ ಕೂಡ 40ರಂತೆ ಕಾಣುತ್ತದೆ. ಕ್ಲೈನೋಮೀಟರ್ (ಇಳಿಜಾರಿನ ಕೋನ ಅಳೆಯುವ ಸಾಧನ) ಇಲ್ಲದಿದ್ದರೆ ಫೋನಿನ ಆ್ಯಪ್ ನಡೆಯುತ್ತದೆ, ಆದರೆ ನೋಡುವವರ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ, ಇನ್ನೊಬ್ಬರು ಅದನ್ನು ಆಚೆ ತುದಿಯಲ್ಲಿ ನೆಟ್ಟಗೆ ಹಿಡಿಯಬೇಕು. ಗುರಿ ಆ ಬಟ್ಟೆ. ಎದುರಿಗಿರುವವರ ಚಪ್ಪಲಿಯನ್ನು ನೋಡಿ ಅಳೆದರೆ 20 ಮೀಟರಿನಲ್ಲಿ ನಾಲ್ಕೈದು ಡಿಗ್ರಿ ತಪ್ಪುತ್ತದೆ. ಮೇಲಿನಿಂದ ಒಂದು ಸಲ, ಕೆಳಗಿನಿಂದ ಒಂದು ಸಲ ನೋಡಿ ಸರಾಸರಿ ತೆಗೆಯಿರಿ.

ಜೋಗಿಮಟ್ಟಿಯಂಥ ಬೆಟ್ಟದಲ್ಲಿ 20 ಮೀಟರ್ ಪೂರ್ತಿ ಒಂದೇ ಇಳಿಜಾರು ಸಿಗುವುದು ಅಪರೂಪ. ನಡುವೆ ಬಂಡೆ, ಹಳ್ಳದ ಕೊರಕಲು, ಮತ್ತೆ ಚಪ್ಪಟೆ. ಅಲ್ಲಿ ಸರಾಸರಿ ಇಳಿಜಾರಿನ ಲೆಕ್ಕ ಬಿಟ್ಟು ಹಳೇ ಸರ್ವೆಯವರ ವಿಧಾನ ಹಿಡಿಯಿರಿ. ಟೇಪನ್ನು ಐದೈದು ಮೀಟರಿನ ತುಂಡುಗಳಲ್ಲಿ ನೆಲಕ್ಕೆ ಸಮಾಂತರವಲ್ಲದೆ ಮಟ್ಟಸವಾಗಿ ಹಿಡಿದು, ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡನ್ನು ತುದಿಯಿಂದ ಇಳಿಬಿಟ್ಟು, ಅದು ನೆಲ ಮುಟ್ಟಿದ ಕಡೆ ಗೂಟ ಹೊಡೆದು ಅಲ್ಲಿಂದ ಮುಂದಿನ ಐದು ಮೀಟರ್. ನಿಧಾನವಾಗುತ್ತದೆ, ಆದರೆ ಕೊಸೈನ್ ಬೇಕಾಗುವುದೇ ಇಲ್ಲ. ಆಷಾಢದ ಗಾಳಿಯಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಲಿ ವಿಂಡ್‌ಮಿಲ್‌ಗಳು ಸುಮ್ಮನೆ ಬಂದು ನಿಂತಿಲ್ಲ: ಗುಂಡು ಓಲಾಡುತ್ತದೆ, ಟೇಪು ಬಿಲ್ಲಿನಂತೆ ಬಾಗುತ್ತದೆ.

ನಾಲ್ಕೂ ಮೂಲೆ ಹಾಕಿದ ಮೇಲೆ ಕರ್ಣ ಅಳೆಯದೆ ಮುಂದೆ ಹೋಗಬಾರದು. ಸಮತಟ್ಟಿನಲ್ಲಿ ಕರ್ಣ 28.28 ಮೀಟರ್. 30 ಡಿಗ್ರಿಯಲ್ಲಿ ಒಂದು ಬದಿ ನೇರ ಇಳಿಜಾರಿನಲ್ಲಿದ್ದರೆ ನೆಲದ ಮೇಲೆ 30.55. ಎರಡು ಕರ್ಣಗಳ ನಡುವೆ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪ್ಲಾಟ್ ಸೊಟ್ಟಗಿದೆ ಎಂದರ್ಥ. ಹೀಗಾಗಲು ಇಲ್ಲಿ ಒಂದು ಸ್ಥಳೀಯ ಕಾರಣವೂ ಉಂಟು. ಚಿತ್ರದುರ್ಗದ ಶಿಸ್ಟ್ (ಪದರುಶಿಲೆ) ಪಟ್ಟಿಯಲ್ಲಿ ಕಬ್ಬಿಣದ ಅದಿರಿರುವ ಶಿಲೆಗಳು ಅಲ್ಲಲ್ಲಿ ತಲೆ ಎತ್ತಿವೆ, ಭೀಮಸಮುದ್ರದ ಕಡೆ ಗಣಿಗಾರಿಕೆ ನಡೆದದ್ದು ಅದಕ್ಕೇ. ಅಂಥ ಕಲ್ಲಿನ ಪಕ್ಕ ಕಂಪಾಸಿನ ಮುಳ್ಳು ಅತ್ತಿತ್ತ ಎಳೆದುಕೊಳ್ಳುತ್ತದೆ. ಒಂದನೇ ಮೂಲೆಯಿಂದ ಎರಡನೆಯದನ್ನು ನೋಡಿದ ದಿಕ್ಕಿಗೂ ಎರಡನೆಯದರಿಂದ ಒಂದನೆಯದನ್ನು ನೋಡಿದ ದಿಕ್ಕಿಗೂ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಬರಬೇಕು. ಎರಡು ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಆ ಜಾಗದಲ್ಲಿ ಕಂಪಾಸ್ ನಂಬದೆ 12-16-20 ಮೀಟರಿನ ತ್ರಿಕೋನ ಮಾಡಿ ಲಂಬಕೋನ ಹಿಡಿಯಿರಿ, ಮನೆ ಪಾಯಕ್ಕೆ ದಾರ ಕಟ್ಟುವವರು ಮಾಡುವಂತೆ. ಟೇಪು ಹಿಡಿದವರ ಕೈಯಲ್ಲಿ ಮಚ್ಚು, ಜೇಬಲ್ಲಿ ಫೋನು ಇದ್ದರೂ ಮುಳ್ಳು ಕೆಡುತ್ತದೆ ಎನ್ನುವುದನ್ನು ಮರೆಯಬೇಡಿ.

ಮೂಲೆಗಳ ಗುರುತಿನ ವಿಷಯ. ಪಿವಿಸಿ ಪೈಪು ಹೂತರೆ ಮಾರ್ಚಿನ ಬೆಂಕಿಗೆ ಕರಗುತ್ತದೆ. ಉದ್ದನೆಯ ಕಬ್ಬಿಣದ ಸರಳು ಹೂತರೆ ಗುಜರಿಗೆ ಹೋಗುತ್ತದೆ. 12 ಎಂಎಂ ಸರಳನ್ನು ಒಂದೂವರೆ ಅಡಿಗೆ ಕತ್ತರಿಸಿ, ನೆಲದಿಂದ ಎರಡು ಬೆರಳು ಮಾತ್ರ ಮೇಲೆ ಕಾಣುವಂತೆ ಹೊಡೆದು ಸುತ್ತ ಕಲ್ಲು ಪೇರಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ಜಿಪಿಎಸ್ ನಿಮ್ಮನ್ನು ಪ್ಲಾಟ್‌ನ ಹತ್ತಿರಕ್ಕೆ ತಂದು ಬಿಡುತ್ತದೆ, ಮೂಲೆಗೆ ಅಲ್ಲ. ಮರದಡಿಯಲ್ಲಿ ಫೋನಿನ ಜಿಪಿಎಸ್ ಐದು-ಹತ್ತು ಮೀಟರ್ ತಪ್ಪುವುದು ಮಾಮೂಲು. ಹಾಗಾಗಿ ಪ್ರತಿ ಪ್ಲಾಟ್‌ನ ಒಂದು ಮೂಲೆಯಿಂದ ಅಲ್ಲಾಡಿಸಲಾಗದ ಮೂರು ಬಂಡೆಗಳಿಗೆ ಇರುವ ದೂರ ಮತ್ತು ದಿಕ್ಕನ್ನು ಬರೆದಿಡಿ. ಸರಳು ಕಾಣೆಯಾದರೂ ಮೂರು ಟೇಪು ಸೇರುವ ಕಡೆ ಮೂಲೆ ಮತ್ತೆ ಸಿಗುತ್ತದೆ.

ಈಗ ನಿಮ್ಮ ದಿಂಡಿಗದ ಮರಗಳು. ಒಣ ಕಾಡಿನ ಮರ ಬೇಸಿಗೆಯಲ್ಲಿ ನಿಜವಾಗಿಯೂ ಸಣ್ಣಗಾಗುತ್ತದೆ. ಕಾಂಡ ಮತ್ತು ತೊಗಟೆಯೊಳಗಿನ ನೀರು ಖಾಲಿಯಾದಂತೆ ಸುತ್ತಳತೆ ಇಳಿಯುತ್ತದೆ, ಮಳೆ ಬಿದ್ದ ಮೇಲೆ ನೀರು ಕುಡಿದು ಮತ್ತೆ ಉಬ್ಬುತ್ತದೆ. ನೀವು ಅಳೆದದ್ದು ಏಪ್ರಿಲ್‌ನ ಬಾಯಾರಿದ ಮರವನ್ನು, ಹೋಲಿಸಿದ್ದು ನವೆಂಬರ್‌ನ ನೀರು ಕುಡಿದ ಮರಕ್ಕೆ. ಎರಡು ಸೆಂಟಿಮೀಟರ್ ಸುತ್ತಳತೆ ಎಂದರೆ ವ್ಯಾಸದಲ್ಲಿ 6.4 ಮಿಲಿಮೀಟರ್. ಈ ಕುರುಚಲು ಕಾಡಿನಲ್ಲಿ ಮರ ವರ್ಷವಿಡೀ ಬೆಳೆಯುವುದೇ ವ್ಯಾಸದಲ್ಲಿ ಕೆಲವು ಮಿಲಿಮೀಟರ್. ಏಳು ತಿಂಗಳಲ್ಲಿ ಅಷ್ಟು ಬಂದಿದೆ ಎಂದರೆ ಅದರಲ್ಲಿ ಬೆಳವಣಿಗೆ ಎಷ್ಟು, ನೀರಿನ ಉಬ್ಬು ಎಷ್ಟು, ಟೇಪಿನ ಎಳೆತ ಎಷ್ಟು ಎಂದು ಬಿಡಿಸಲು ದಾರಿಯೇ ಇಲ್ಲ.

ಸಣ್ಣಗಾದ ಮರಗಳ ಕಥೆ ಬೇರೆ. ದಿಂಡಿಗದ ತೊಗಟೆ ಬೂದಿ ಬಿಳುಪು, ನಯ, ಹಾಳೆ ಹಾಳೆಯಾಗಿ ಉದುರುವ ಜಾತಿ. ಏಪ್ರಿಲ್‌ನಲ್ಲಿ ಅಂಟಿಕೊಂಡಿದ್ದ ಹಾಳೆ ನವೆಂಬರ್ ಹೊತ್ತಿಗೆ ಉದುರಿರುತ್ತದೆ, ಅದರ ಮೇಲೆ ನೀವು ಬಳಿದ ಬಣ್ಣದ ಗೆರೆಯೂ ಜೊತೆಗೇ ಹೋಗಿರುತ್ತದೆ. ಗೆರೆ ಇಲ್ಲವಾದಾಗ ಅಳೆಯುವವರು ಎದೆಯ ಮಟ್ಟವನ್ನು ತಮ್ಮ ತಮ್ಮ ಎದೆಗೆ ತಕ್ಕಂತೆ ಹಿಡಿಯುತ್ತಾರೆ, ಅಲ್ಲಿಗೆ ಮುಗಿಯಿತು. ಧೂಪದ ಮರದ್ದೂ ಇದೇ ಹಾಡು. ಇಂಥ ಮರಗಳಲ್ಲಿ ಗುರುತು ಬಣ್ಣದ್ದಾಗಿರದೆ ಮೊಳೆಯದ್ದಾಗಿರಬೇಕು. ಅಲ್ಯೂಮಿನಿಯಂ ಬಿಲ್ಲೆಯನ್ನು ಮೊಳೆಯಿಂದ ಅಳತೆಯ ಜಾಗಕ್ಕಿಂತ ಸರಿಯಾಗಿ 30 ಸೆಂಟಿಮೀಟರ್ ಮೇಲೆ, ಅಂದರೆ 1.60 ಮೀಟರಿನಲ್ಲಿ ಹೊಡೆದು, ಮೊಳೆಯಿಂದ ಕೆಳಕ್ಕೆ 30 ಸೆಂಟಿಮೀಟರ್ ಅಳೆದು ಟೇಪು ಸುತ್ತುವುದು. ಅಳತೆಯ ಜಾಗದಲ್ಲೇ ಮೊಳೆ ಹೊಡೆದರೆ ಮರ ಗಾಯ ಮುಚ್ಚಿಕೊಳ್ಳಲು ಅಲ್ಲೇ ಗಂಟು ಕಟ್ಟುತ್ತದೆ, ಅಳತೆ ಶಾಶ್ವತವಾಗಿ ಕೆಡುತ್ತದೆ. ಮೊಳೆಯ ತಲೆ ಎರಡು ಸೆಂಟಿಮೀಟರ್ ಹೊರಗಿರಲಿ, ಇಲ್ಲವಾದರೆ ಬಿಲ್ಲೆಯನ್ನೇ ಮರ ನುಂಗುತ್ತದೆ. ಮೊಳೆಗೂ ಅನುಮತಿ ಬೇಕು, ಅದನ್ನು ಆಮೇಲೆ ಹೇಳುತ್ತೇವೆ.

ಎದೆಯ ಮಟ್ಟ ಎಂದರೆ 1.30 ಮೀಟರ್. ನಮ್ಮ ಅರಣ್ಯ ಇಲಾಖೆಯ ಹಳೆಯ ದಾಖಲೆಗಳು ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್ ಹಿಡಿಯುತ್ತವೆ. ಯಾವುದಾದರೂ ಸರಿ, ಒಂದನ್ನು ಹಿಡಿದು ಬರೆದಿಡಿ. ಇಳಿಜಾರಿನಲ್ಲಿ ಈ ಎತ್ತರವನ್ನು ಮರದ ಮೇಲ್ಬದಿಯಿಂದ, ಅಂದರೆ ಬೆಟ್ಟದ ಕಡೆಯಿಂದ ಅಳೆಯಬೇಕು. ಕೆಳಬದಿಯಿಂದ ಅಳೆದರೆ ಕಡಿದಾದ ಜಾಗದ ದಪ್ಪ ಮರದಲ್ಲಿ ಒಂದಡಿ ಕೆಳಗೆ, ಬುಡದ ಅಗಲದಲ್ಲಿ ಟೇಪು ಸುತ್ತುತ್ತೀರಿ. 1.30 ಮೀಟರಿಗೆ ಕತ್ತರಿಸಿದ ಒಂದು ಬಿದಿರಿನ ಕೋಲು ಇದ್ದರೆ ಎದೆಯ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ತಪ್ಪು ನಿಮ್ಮ ಅಂಕಿಗಳಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಿ, ಏಕೆಂದರೆ ಈ ಕಾಡಿನಲ್ಲಿ ಅದು ಎಲ್ಲರ ಅಂಕಿಗಳಲ್ಲೂ ಇರುತ್ತದೆ. ಸೌದೆಗೆ ಕಡಿದು ಮತ್ತೆ ಚಿಗುರಿದ ಮರಗಳೇ ಇಲ್ಲಿ ಹೆಚ್ಚು. ಒಂದೇ ಬುಡದಿಂದ ಮೂರು ನಾಲ್ಕು ಕಾಂಡ. ಒಂದು ಬುಡದಲ್ಲಿ 40, 35, 30 ಸೆಂಟಿಮೀಟರ್ ಸುತ್ತಳತೆಯ ಮೂರು ಕಾಂಡಗಳಿವೆ ಎನ್ನಿ. ಇವನ್ನು ಸುಮ್ಮನೆ ಕೂಡಿ 105 ಎಂದು ಬರೆದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ 877 ಚದರ ಸೆಂಟಿಮೀಟರ್ ಬರುತ್ತದೆ. ಒಂದೊಂದರ ವಿಸ್ತೀರ್ಣವನ್ನೂ ಬೇರೆ ಬೇರೆಯಾಗಿ ತೆಗೆದು ಕೂಡಿದರೆ 296. ಮೂರು ಪಟ್ಟು ಸುಳ್ಳು! ಡೇಟಾಶೀಟಿನಲ್ಲಿ ಪ್ರತಿ ಕಾಂಡಕ್ಕೂ ಒಂದು ಸಾಲು, ಮರದ ಸಂಖ್ಯೆ ಒಂದೇ, ಕಾಂಡಕ್ಕೆ ಎ, ಬಿ, ಸಿ. ಲೆಕ್ಕ ಎಲ್ಲಾ ಮನೆಗೆ ಬಂದ ಮೇಲೆ.

ಅಳತೆ ಕೂಗುವಾಗಲೂ ಎಚ್ಚರ. ಗಾಳಿಯಲ್ಲಿ 'ಇಪ್ಪತ್ತು' ಮತ್ತು 'ಎಪ್ಪತ್ತು' ಒಂದೇ ಥರ ಕೇಳುತ್ತವೆ. 'ಏಳು, ಸೊನ್ನೆ, ಪಾಯಿಂಟ್, ನಾಲ್ಕು' ಎಂದು ಅಂಕಿ ಬಿಡಿಸಿ ಕೂಗಬೇಕು, ಬರೆಯುವವರು ಅದನ್ನೇ ತಿರುಗಿ ಕೂಗಬೇಕು. ಎರಡನೇ ಸುತ್ತಿನಲ್ಲಿ ಹಳೆಯ ಅಳತೆಯ ಪಟ್ಟಿ ಬರೆಯುವವರ ಕೈಯಲ್ಲಿರಲಿ, ಅಳೆಯುವವರಿಗೆ ತೋರಿಸಬಾರದು. ತೋರಿಸಿದರೆ ಟೇಪು ತಾನಾಗಿಯೇ ಹಳೇ ಅಂಕಿಯ ಕಡೆ ಜಾರುತ್ತದೆ. ಬರೆಯುವವರು ಮಾತ್ರ ನೋಡಿ, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದಾಗ ಕಾರಣ ಹೇಳದೆ 'ಇನ್ನೊಂದ್ಸಲ' ಎನ್ನಬೇಕು.

ಹಾಗಾದರೆ ಸುತ್ತಳತೆಗೆ ಯಾವ ತಿಂಗಳು? ನಮ್ಮ ಅಭಿಪ್ರಾಯದಲ್ಲಿ ನವೆಂಬರ್ ಉತ್ತರಾರ್ಧ. ಚಿತ್ರದುರ್ಗಕ್ಕೆ ಮುಂಗಾರಿನ ಜೂನ್-ಜುಲೈ ಹೆಚ್ಚು ಕೊಡುವುದಿಲ್ಲ. ಘಟ್ಟದ ಮಳೆನೆರಳಿನ ಊರಿದು, ಸೆಪ್ಟೆಂಬರ್-ಅಕ್ಟೋಬರಿನಲ್ಲೇ ನೆಲ ಚೆನ್ನಾಗಿ ನೆನೆಯುವುದು. ಸ್ವಾತಿ, ವಿಶಾಖ ಮುಗಿದ ಮೇಲೆ ಆ ವರ್ಷದ ಬೆಳವಣಿಗೆ ಮುಗಿದಿರುತ್ತದೆ, ಮರದಲ್ಲಿ ಇನ್ನೂ ನೀರಿರುತ್ತದೆ, ಎಲೆ ಇರುವುದರಿಂದ ಜಾತಿಯೂ ಗೊತ್ತಾಗುತ್ತದೆ. ಮಳೆ ಬಿದ್ದ ದಿನ ಅಳೆಯಬೇಡಿ, ತೊಗಟೆ ನೆಂದು ಉಬ್ಬಿರುತ್ತದೆ. ಎರಡು ದಿನ ಬಿಸಿಲು ಬಿಟ್ಟು ಹೋಗಿ. ನಿಮ್ಮ ಕಳೆದ ನವೆಂಬರಿನ ಅಳತೆಯೇ ಇನ್ನು ಮೂಲ ಅಳತೆ. ಏಪ್ರಿಲ್‌ನದನ್ನು ಬೆಳವಣಿಗೆಗೆ ಬಳಸಬೇಡಿ, ಯಾವ ಜಾತಿ ಬೇಸಿಗೆಯಲ್ಲಿ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಅದು ಒಳ್ಳೇ ಸುಳಿವು. ಅದರ ಮೇಲೆಯೇ ಒಂದು ಅಧ್ಯಾಯ ಬರೆಯಬಹುದು.

ಉಳಿದ ಕೆಲಸಗಳನ್ನು ಕ್ಯಾಲೆಂಡರಿಗೆ ಕಟ್ಟದೆ ಮಳೆಗೆ ಕಟ್ಟಿ. ನಮ್ಮ ಕಡೆಯ ರೈತರು ಮಳೆ ನಕ್ಷತ್ರ ನೋಡಿ ಬಿತ್ತುವುದು ಸುಮ್ಮನಲ್ಲ. ಕಾಡೂ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಶಿವರಾತ್ರಿಯಿಂದ ಯುಗಾದಿವರೆಗೆ ಎಲೆ ಇಲ್ಲದ ಕಾಲ. ಪ್ಲಾಟ್ ಹಾಕಲು, ಇಳಿಜಾರು ನೋಡಲು, ಮರದ ಎತ್ತರ ಅಳೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಹುಲ್ಲು ಒಣಗಿ ಬಿದ್ದಿರುತ್ತದೆ, ಎದುರಿನ ಮೂಲೆ ಕಣ್ಣಿಗೆ ಕಾಣುತ್ತದೆ. ಮುತ್ತುಗ, ಅರಿಶಿನ ಬೂರುಗ ಹೂಬಿಡುವುದೂ ಆಗಲೇ. ಆದರೆ ಬೋಳು ಮರದ ಜಾತಿ ಗುರುತಿಸಲು ಅನುಭವ ಬೇಕು. ಗೊತ್ತಾಗದ್ದಕ್ಕೆ ಊಹೆಯ ಹೆಸರು ಹಾಕದೆ 'ಗುರುತು 1, ಗುರುತು 2' ಎಂದು ಬರೆದು ಎಲೆ ಬಂದಾಗ ತಿದ್ದಿ.

ಭರಣಿ, ಕೃತ್ತಿಕೆಯ ಮಳೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಡುವಿನ ಗುಡುಗು ಮಳೆ, ಚಿಕ್ಕ ಆದರೆ ತಪ್ಪಿಸಬಾರದ ಸುತ್ತು. ಮೊದಲ ಹದ ಮಳೆ ಬಿದ್ದು ಒಂದು ವಾರದಲ್ಲಿ ಗೆಡ್ಡೆಯ ಗಿಡಗಳು ಎಲೆಗಿಂತ ಮುಂಚೆ ಹೂಬಿಟ್ಟು ಮುಗಿಸಿಬಿಡುತ್ತವೆ. ಜೂನಿನಲ್ಲಿ ಹೋದರೆ ಅವು ಹುಲ್ಲಿನೊಳಗೆ ಕಳೆದುಹೋಗಿರುತ್ತವೆ. ಈ ಸುತ್ತಿಗೆ ಬೇಕಾದದ್ದು ಮೂರು ನಾಲ್ಕು ದಿನ, ಆದರೆ ಫೋನ್ ಬಂದ ಕೂಡಲೇ ಹೊರಡುವಂತಿರಬೇಕು. ಮಳೆಯ ಸುದ್ದಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ನೋಡಬಹುದು, ಆದರೆ ಅವು ಹಳ್ಳಿಗಳಲ್ಲಿರುತ್ತವೆ, ನಿಮ್ಮ ಪ್ಲಾಟ್ ಬೆಟ್ಟದ ನೆತ್ತಿಯಲ್ಲಿದೆ. ಮೇ ತಿಂಗಳ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಬಿಡುತ್ತದೆ. ಹತ್ತು ಸೆಂಟಿಮೀಟರ್ ಬಾಯಿಯ ಆಲಿಕೆಯನ್ನು ಕ್ಯಾನಿನ ಬಾಯಿಗೆ ಸಿಕ್ಕಿಸಿ ಬಿಸಿಲು ಬೀಳದಂತೆ ಕಲ್ಲು ಮುಚ್ಚಿಟ್ಟರೆ ನಿಮ್ಮದೇ ಮಳೆಮಾಪಕ. ಸಿಕ್ಕಿದ ನೀರಿನಲ್ಲಿ ಪ್ರತಿ 7.85 ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ. ಮೊದಲೇ ಒಂದು ಚಮಚ ಅಡುಗೆ ಎಣ್ಣೆ ಹಾಕಿಟ್ಟರೆ ನೀರು ಆವಿಯಾಗುವುದಿಲ್ಲ, ಲೆಕ್ಕದಲ್ಲಿ ಆ ಎಣ್ಣೆ ಕಳೆಯಿರಿ.

ಪುಷ್ಯ-ಆಶ್ಲೇಷದ ಹೊತ್ತಿಗೆ, ಜುಲೈ ಕೊನೆ ಆಗಸ್ಟ್ ಮೊದಲಿಗೆ, ಸಸಿ ಎಣಿಕೆ. ಅದೇ ಸಸಿಗಳನ್ನು ಫೆಬ್ರವರಿಯಲ್ಲಿ ಮತ್ತೆ ಎಣಿಸಿದರೆ ಬೇಸಿಗೆಗೆ ಎಷ್ಟು ಉಳಿದವು ಎಂದು ತಿಳಿಯುತ್ತದೆ. ಒಂದೇ ಸಲ ಎಣಿಸಿದ ಅಂಕಿಗೆ ಬೆಲೆಯಿಲ್ಲ. ಇಲ್ಲಿ ಮೋಸ ಮಾಡುವವು ಮುತ್ತುಗ ಮತ್ತು ಬೀಡಿ ಎಲೆಯ ತುಮರಿ. ಮೊಣಕಾಲೆತ್ತರದ ಹತ್ತು 'ಸಸಿ' ಸಾಲಾಗಿ ಕಂಡರೆ ಬುಡದ ಮಣ್ಣು ಬೆರಳಿನಿಂದ ಬಿಡಿಸಿ ನೋಡಿ, ಹೆಬ್ಬೆರಳು ದಪ್ಪದ ಬೇರು ಅಡ್ಡಲಾಗಿ ಓಡಿದ್ದರೆ ಅವು ಬೀಜದಿಂದ ಬಂದವಲ್ಲ, ಬೇರಿನಿಂದ ಎದ್ದ ಚಿಗುರು. ಎರಡಕ್ಕೂ ಬೇರೆ ಕಾಲಂ ಇರಲಿ.

ಹುಲ್ಲು ಮತ್ತು ಮೂಲಿಕೆಗಳ ದೊಡ್ಡ ಸುತ್ತು ಹಸ್ತ-ಚಿತ್ತೆಯಿಂದ ದೀಪಾವಳಿವರೆಗೆ. ಹುಲ್ಲನ್ನು ತೆನೆ ಇಲ್ಲದೆ ಗುರುತಿಸುತ್ತೇವೆ ಎನ್ನುವವರ ಮಾತು ನಂಬಬೇಡಿ. ಪ್ಲಾಟಿಗೆ ಒಂದೊಂದು ಮೀಟರ್ ಬದಿಯ ಐದು ಚೌಕ ಸಾಕು. ಹುಲ್ಲಿನ ತೂಕ ಬೇಕಿದ್ದರೆ ಪ್ಲಾಟ್‌ನ ಹೊರಗೆ ಕೊಯ್ದು, 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ತಾಸು ಒಣಗಿಸಿ ತೂಗಿ. ಕುರಿ-ಮೇಕೆ ಮೇಯದ ಜಾಗ ಬೇಕೆಂದು ತಂತಿ ಬೇಲಿ ಹಾಕಿದರೆ ತಂತಿ ಉಳಿಯುವುದಿಲ್ಲ. ಜಾಲಿ ಮುಳ್ಳಿನ ಬೇಲಿ ಉಳಿಯುತ್ತದೆ, ಅದೂ ಹತ್ತಿರದ ಗೊಲ್ಲರಹಟ್ಟಿಯ ಕುರಿಗಾಹಿಗಳಿಗೆ ಮೊದಲೇ ಹೇಳಿದ್ದರೆ. ಅವರನ್ನು ಕೇಳದೆ ಕಾಡಿನಲ್ಲಿ ಮುಳ್ಳು ಹಾಕುವುದು ಸೌಜನ್ಯವೂ ಅಲ್ಲ. ಯಾವ ಹಳ್ಳದಲ್ಲಿ ಯಾವಾಗ ನೀರು ನಿಲ್ಲುತ್ತದೆ, ಯಾವ ಕಡೆ ಕಳೆದ ವರ್ಷ ಬೆಂಕಿ ಬಿತ್ತು ಎಂಬುದು ಉಪಗ್ರಹ ಚಿತ್ರಕ್ಕಿಂತ ಮೊದಲು ಗೊತ್ತಾಗುವುದು ಅವರಿಗೆ. ಹೆಸರುಗಳಲ್ಲಿ ಮಾತ್ರ ಜಾಗ್ರತೆ: 'ಜಾಲಿ' ಎಂದರೆ ಕರಿಜಾಲಿ, ಬಿಳಿಜಾಲಿ, ಬಳ್ಳಾರಿ ಜಾಲಿ ಮೂರೂ ಆಗಬಹುದು. ಮೂರನೆಯದು ಹೊರದೇಶದ ಪ್ರೊಸೋಪಿಸ್, ಅದನ್ನು ಮೊದಲೆರಡರ ಜೊತೆ ಸೇರಿಸಿದರೆ ನಿಮ್ಮ ಪ್ರಬಂಧದ ಅರ್ಥವೇ ತಿರುಗುತ್ತದೆ.

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಬಗ್ಗೆ ಎರಡು ಮಾತು. ಪುಸ್ತಕಗಳಲ್ಲಿ 'ಉತ್ತರದ ಇಳಿಜಾರು ತಂಪು, ದಕ್ಷಿಣದ್ದು ಒಣ' ಎಂದಿರುತ್ತದೆ. ಅದು ಹಿಮಾಲಯಕ್ಕೆ, ಯುರೋಪಿಗೆ ಸರಿ. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಜೂನ್ 21ರಂದು ಸುಮಾರು ಒಂಬತ್ತು ಡಿಗ್ರಿ. ಆಗ ಬಿಸಿಲು ಹೆಚ್ಚು ಬೀಳುವುದು ಉತ್ತರದ ಇಳಿಜಾರಿಗೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ 37 ಡಿಗ್ರಿ ವಾಲಿದಾಗ ದಕ್ಷಿಣದ ಇಳಿಜಾರು ಬೇಗ ಒಣಗುತ್ತದೆ. ಒಣ ಕಾಲವೂ ಅದೇ ಆದ್ದರಿಂದ ವರ್ಷದ ಲೆಕ್ಕದಲ್ಲಿ ವ್ಯತ್ಯಾಸ ಉಳಿಯುತ್ತದೆ, ಆದರೆ ಪುಸ್ತಕದಷ್ಟು ದೊಡ್ಡದಾಗಿ ಅಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರಿಗೆ ಮಧ್ಯಾಹ್ನದ ಬಿಸಿಲೂ ಮುಂಗಾರಿನ ಗಾಳಿಯೂ ಹೊಡೆಯುತ್ತವೆ. ನಿಮ್ಮ 24 ಪ್ಲಾಟ್‌ಗಳನ್ನು ಉತ್ತರ-ದಕ್ಷಿಣ ಎಂದು ಮಾತ್ರ ಹಂಚಿದ್ದರೆ ಪೂರ್ವ-ಪಶ್ಚಿಮಕ್ಕೂ ಜಾಗ ಮಾಡಿ.

ಮಣ್ಣಿನ ತೇವಾಂಶದಲ್ಲಿ ಕಲ್ಲು ಲೆಕ್ಕ ಕೆಡಿಸುತ್ತದೆ. ಹಸಿ ಮಣ್ಣು 100 ಗ್ರಾಂ, 105 ಡಿಗ್ರಿಯಲ್ಲಿ 24 ತಾಸು ಒಣಗಿಸಿದ ಮೇಲೆ 92 ಗ್ರಾಂ ಆದರೆ ತೇವಾಂಶ ನೂರಕ್ಕೆ 8.7 ಎಂದು ಬರೆಯುತ್ತೀರಿ. ಆ 92ರಲ್ಲಿ ಎರಡು ಮಿಲಿಮೀಟರ್ ಜರಡಿ ದಾಟದ ಕಲ್ಲು 40 ಗ್ರಾಂ ಇದ್ದರೆ, ನಿಜವಾದ ಮಣ್ಣು 52 ಗ್ರಾಂ, ತೇವಾಂಶ 15.4. ಬೇರಿಗೆ ಸಿಗುವುದು ಈ ಎರಡನೆಯದು. ಮಣ್ಣಿನ ಆಳ ನೋಡಲು ಸರಳು ಹೊಡೆದಾಗ 'ಟಣ್' ಎಂದರೆ ತಳದ ಬಂಡೆ ಎಂದು ನಿಲ್ಲಿಸಬೇಡಿ, ಒಂದು ಗೇಣು ಆಚೀಚೆ ಇನ್ನೆರಡು ಕಡೆ ಹೊಡೆದು ಅತಿ ಆಳದ್ದನ್ನು ತೆಗೆದುಕೊಳ್ಳಿ.

ಉದುರೆಲೆಯ ಬಲೆಗಳನ್ನು ಇಳಿಜಾರಿಗೆ ಓರೆಯಾಗಿ ಅಲ್ಲ, ಮಟ್ಟಸವಾಗಿ ಕಟ್ಟಿ. ಕಾರಣ ಮೊದಲು ಹೇಳಿದ್ದೇ. ಬಲೆ ಒಂದು ಗೇಣಾದರೂ ಆಳವಿರಲಿ, ಒಳಗೆ ಎರಡು ಕಲ್ಲು ಹಾಕಿ, ಇಲ್ಲದಿದ್ದರೆ ಜೋಗಿಮಟ್ಟಿಯ ಗಾಳಿ ನಿಮ್ಮ ಅಂಕಿಗಳನ್ನು ಕಣಿವೆಗೆ ಚೆಲ್ಲುತ್ತದೆ. ಎಲೆ ಉದುರುವ ಡಿಸೆಂಬರ್-ಮಾರ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ಮಾಡಿ.

ಜೋಗಿಮಟ್ಟಿ ವನ್ಯಜೀವಿಧಾಮ. ಅಲ್ಲಿ ಸಂಶೋಧನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ರೇಂಜ್ ಕಚೇರಿಯಲ್ಲಿ ಬಾಯಿಮಾತಿಗೆ ಸಿಗುವ 'ಹೋಗ್ಬನ್ನಿ' ಅನುಮತಿಯಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮದಲ್ಲಿ ಹೋಲಿಕೆಯ ಪ್ಲಾಟ್ ಹಾಕುವ ಯೋಚನೆ ಇದ್ದರೆ ಅದಕ್ಕೂ ಇದೇ ನಿಯಮ. ಅರ್ಜಿಯಲ್ಲಿ ಮೊಳೆ, ಬಿಲ್ಲೆ, ಸರಳು, ಬಂಡೆಯ ಗುರುತು, ಮಣ್ಣು, ಒಣಗಿಸುವ ಗಿಡಗಳು, ಡ್ರೋನ್, ಎಲ್ಲವನ್ನೂ ಸಂಖ್ಯೆ ಸಮೇತ ಬರೆಯಿರಿ. ಬರೆಯದ್ದನ್ನು ಮಾಡಿದರೆ ಗೇಟಿನಲ್ಲಿ ನಿಲ್ಲುತ್ತೀರಿ. ತಿಂಗಳುಗಟ್ಟಲೆ ಹಿಡಿಯುವುದರಿಂದ ನವೆಂಬರಿನ ಸುತ್ತಿಗೆ ಯುಗಾದಿಯಲ್ಲೇ ಅರ್ಜಿ ಹೋಗಿರಲಿ. ಇನ್ನೊಂದು ವಿಷಯ, ಪ್ಲಾಟಿನೊಳಗೆ ಶ್ರೀಗಂಧ ಇದ್ದರೆ ಅದಕ್ಕೆ ಬಿಲ್ಲೆ ಹೊಡೆಯಬೇಡಿ, ಅಕ್ಷಾಂಶ-ರೇಖಾಂಶವನ್ನು ಪ್ರಬಂಧದಲ್ಲೂ ಸ್ಲೈಡಿನಲ್ಲೂ ಹಾಕಬೇಡಿ. ಓದುವವರೆಲ್ಲ ವಿಜ್ಞಾನಿಗಳಲ್ಲ.

ಕರಡಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಬಂಡೆಗುಡ್ಡಗಳು ಕರಡಿಯ ಸ್ವಂತ ಮನೆ. ನಸುಕಿನಲ್ಲಿ ಹೊರಡುವ ಉತ್ಸಾಹ ಬೇಡ, ಎಂಟು ಗಂಟೆಗೆ ಶುರು ಮಾಡಿ, ನಾಲ್ಕಕ್ಕೆ ಇಳಿಯಿರಿ. ಮಾತಾಡುತ್ತಾ ನಡೆಯಿರಿ. ಬಂಡೆಸಂದಿಗೆ ಟೇಪಿನ ತುದಿ ಬಿದ್ದರೆ ಕೈ ಹಾಕದೆ ಕೋಲು ಹಾಕಿ. ಎಲಚಿ ಹಣ್ಣಾಗುವ ಡಿಸೆಂಬರ್-ಜನವರಿ ಮತ್ತು ಸೀತಾಫಲದ ಕಾಲದಲ್ಲಿ ಹಣ್ಣಿನ ಪೊದೆಗಳ ಹತ್ತಿರ ಇಲಾಖೆಯ ವಾಚರ್ ಮುಂದೆ ನಡೆಯಲಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಇದೆಯೇ ಎಂದು ದುರ್ಬೀನಿನಲ್ಲಿ ನೋಡಿದ ಮೇಲೆಯೇ ಪ್ಲಾಟ್ ಹಾಕುವುದು. ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡುವುದೊಂದೇ ದಾರಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಯಾವುದೂ ಬೇಡ, ಕಾಲು ಅಲ್ಲಾಡಿಸದೆ ಹೊತ್ತು ಇಳಿಸಿ ಜಿಲ್ಲಾ ಆಸ್ಪತ್ರೆಗೆ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಮೋಡ ಕಟ್ಟಿದರೆ ನೆತ್ತಿಯ ಮೇಲೆ ಕಬ್ಬಿಣದ ಸರಳು ಹಿಡಿದು ನಿಲ್ಲಬೇಡಿ, ಕೆಲಸ ಅರ್ಧಕ್ಕೇ ಬಿಡಿ.

ಲೆಕ್ಕ ಹೀಗಿಟ್ಟುಕೊಳ್ಳಿ: ನಾಲ್ಕು ಜನರ ತಂಡಕ್ಕೆ ಹೊಸ ಪ್ಲಾಟ್ ಹಾಕಿ ಅಳೆಯಲು ಮೂರು ತಾಸು, ಹಳೆಯದನ್ನು ಮತ್ತೆ ಅಳೆಯಲು ಒಂದೂವರೆ. ಇಳಿಜಾರಿನಲ್ಲಿ ದಿನಕ್ಕೆ ಎರಡು ಹೊಸ ಪ್ಲಾಟ್ ಆದರೆ ಅದೇ ಹೆಚ್ಚು, ಮೂರನೆಯದಕ್ಕೆ ಕೈ ಹಾಕಿದ ದಿನವೇ ಇಪ್ಪತ್ತು ಎಪ್ಪತ್ತಾಗುವುದು. ಉಳಿದ 18ಕ್ಕೆ ಒಂಬತ್ತು ದಿನ, ಮಳೆ-ಜ್ವರ-ಗಾಡಿ ಕೆಡುವುದಕ್ಕೆ ಮೂರು ದಿನ. ಸಮಯ ಸಾಲದಿದ್ದರೆ ಪ್ಲಾಟ್ ಕಡಿಮೆ ಮಾಡಿ, ಸುತ್ತು ಕಡಿಮೆ ಮಾಡಬೇಡಿ. 24ರ ಬದಲು 16 ಪ್ಲಾಟ್ ಹಾಕಿ, ಅದೇ ಹದಿನಾರಕ್ಕೆ ಎರಡು ವರ್ಷ, ಅದೇ ತಿಂಗಳು, ಸಾಧ್ಯವಾದರೆ ಅದೇ ಕೈಗಳಿಂದ ಟೇಪು ಸುತ್ತಿಸಿ. ಈ ಬೇಸಿಗೆಯಲ್ಲಿ ಹೋದಾಗ ಮೊದಲ ಕೆಲಸ ಹಳೆಯ ಆರು ಪ್ಲಾಟ್‌ಗಳ ಇಳಿಜಾರು ಅಳೆಯುವುದು, ಎರಡನೆಯದು ದಿಂಡಿಗದ ಮರಗಳಿಗೆಲ್ಲ 1.60 ಮೀಟರಿನಲ್ಲಿ ಮೊಳೆ ಹೊಡೆಯುವುದು. ಟೇಪನ್ನು ಆಗ ಚೀಲದಿಂದ ಹೊರಗೆ ತೆಗೆದರೂ ಮರಕ್ಕೆ ಸುತ್ತಬೇಡಿ.